ಎಳೆ ಬರುವ ತನಕ

ನನ್ನ ತಮ್ಮನ ಮುಖ ಮರೆತವರು ಇರಬಹುದು, ಅವನ ಎರಡು ಬೆರಳು ಮರೆತವರಿಲ್ಲ. ಕುದಿಯುವ ಸಕ್ಕರೆ ಪಾಕದಿಂದ ಸೌಟು ಎತ್ತಿ, ತುದಿಯಲ್ಲಿ ತೊಟ್ಟಿಕ್ಕುವ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಒತ್ತಿ, ಮೆಲ್ಲಗೆ ಅಗಲಿಸುತ್ತಾನೆ. ಬೆರಳುಗಳ ನಡುವೆ ಕೂದಲಿನಂಥ ಎಳೆಯೊಂದು ನಿಂತು, ಬೆಳಕಿಗೆ ಮಿನುಗಿ, ತುಂಡಾಗುತ್ತದೆ. ಅಷ್ಟಾದರೆ ಒಲೆ ಆರಿಸುತ್ತಾನೆ. ಎಳೆ ಬರದಿದ್ದರೆ ಭೂಮಿ ನಡುಗಿದರೂ ಒಲೆಯ ಮುಂದಿನಿಂದ ಕದಲುವವನಲ್ಲ. ಹಾಗಾಗಿ ಈಜುಕೊಳಕ್ಕೆ ಬರುವ ಮಕ್ಕಳೆಲ್ಲ ಅವನನ್ನು ಕರೆಯುವುದೇ ಎಳೆಮಾಮ ಎಂದು.

ಅವನ ಷರಬತ್ತಿನ ಅಂಗಡಿ ಎಂದರೆ ಈಜುಕೊಳದ ಗೋಡೆಯಲ್ಲಿ ಒಂದು ಕಿಟಕಿ. ಒಳಗೆ ಒಂದು ಚಿಕ್ಕ ಕೋಣೆ, ಒಲೆ, ಸ್ಟೀಲಿನ ಮೇಜು, ಗಾಜಿನ ಲೋಟ ತೊಳೆಯುವ ತೊಟ್ಟಿ. ನಾನು ನಿಂಬೆಹಣ್ಣು ಹಿಂಡುತ್ತೇನೆ, ಲೋಟ ತೊಳೆಯುತ್ತೇನೆ. ತಮ್ಮನ ಹೆಂಡತಿ ಕಿಟಕಿಯಲ್ಲಿ ನಿಂತು ಕೊಡುತ್ತಾಳೆ, ಬೈಯುತ್ತಾಳೆ, ನಗಿಸುತ್ತಾಳೆ. ನೀರಿನಿಂದ ನಡುಗುತ್ತ ಎದ್ದು ಬರುವ ಮಕ್ಕಳು ಕಿಟಕಿಯ ಕಟ್ಟೆಗೆ ಗದ್ದ ಊರಿ "ಎಳೆಮಾಮಾ, ಒಂದು ನಿಂಬೆ!" ಎಂದು ಕೂಗಿದರೆ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಆ ಕಿಟಕಿಗೇ ಕುತ್ತು ಬಂತು. ಈಜುಕೊಳದ ಉಸ್ತುವಾರಿ ನೋಡಿಕೊಳ್ಳುವ ಮೇಡಂ ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಬಂದು, ಒಂದು ಲೋಟ ತರಿಸಿಕೊಂಡು, ಅರ್ಧ ಕುಡಿದು ಕೆಳಗಿಟ್ಟರು.

"ಚೆನ್ನಾಗಿದೆ. ಅದೇ ತೊಂದರೆ," ಅಂದರು. "ಮಕ್ಕಳು ದಿನಾ ಎರಡೆರಡು ಲೋಟ ಕುಡೀತಾರೆ. ಎಷ್ಟು ಸಕ್ಕರೆ ಹೊಟ್ಟೆಗೆ ಹೋಗುತ್ತೆ ಹೇಳಿ. ಇನ್ನು ಮೇಲೆ ಒಳಗೆ ಸಕ್ಕರೆ ಹಾಕಿದ ಪಾನೀಯ ಮಾರೋ ಹಾಗಿಲ್ಲ ಅಂತ ತೀರ್ಮಾನ ಆಗಿದೆ."

"ಮತ್ತೆ ನಾವು?" ಅಂದ ತಮ್ಮ.

"ಭಾನುವಾರ ಈಜಿನ ಪಂದ್ಯ ಇದೆಯಲ್ಲ, ಅವತ್ತು ಸಕ್ಕರೆ ಇಲ್ಲದ ಷರಬತ್ತು ಮಾಡಿ ತೋರಿಸಿ. ನಾನೂ ಕುಡೀತೀನಿ, ಮಕ್ಕಳೂ ಕುಡೀಲಿ. ಒಪ್ಪಿದ್ರೆ ಕಿಟಕಿ ನಿಮ್ಮದೇ. ಇಲ್ಲಾಂದ್ರೆ ಇಲ್ಲಿ ನೀರಿನ ಬಾಟಲಿ ಮಷೀನ್ ನಿಲ್ಲಿಸ್ತೀವಿ."

ಅವರು ಹೋದ ಮೇಲೆ ತಮ್ಮ ತನ್ನ ಬೆರಳುಗಳನ್ನೇ ನೋಡುತ್ತ ನಿಂತ. "ಸಕ್ಕರೆ ಇಲ್ಲದ ಷರಬತ್ತಾ? ನೀರಿಲ್ಲದ ಈಜುಕೊಳ ಮಾಡಿ ಅಂತ ನಾನೂ ಹೇಳಲಾ?"

"ನೀವೇನು ಮೂಗು ಮುರಿಯೋದು?" ಅಂದಳು ಹೆಂಡತಿ. "ನೀವೇ ನಿಮ್ಮ ಷರಬತ್ತು ಮುಟ್ಟಿ ಎಷ್ಟು ಕಾಲ ಆಯ್ತು?"

ಅದು ನಿಜ. ತಮ್ಮನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಕಣ್ಣು ಕೆಂಪು ಮಾಡಿದ ದಿನದಿಂದ ಅವನು ತನ್ನ ಪಾಕವನ್ನು ಬೆರಳಿನಿಂದ ನೋಡುತ್ತಾನೆಯೇ ಹೊರತು ನಾಲಿಗೆಗೆ ಇಟ್ಟವನಲ್ಲ. ಎಳೆ ನೋಡಿ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಡುತ್ತಾನೆ. ಪಕ್ಕದ ಮನೆಯವರು ಬಟ್ಟಲು ಹಿಡಿದು "ಸಕ್ಕರೆ ಇದೆಯಾ?" ಎಂದು ಕೇಳಿದರೆ ಅವನ ಹೆಂಡತಿ "ಇದೆ, ನಮ್ಮ ಯಜಮಾನರ ಮೈಯಲ್ಲಿ. ಎಷ್ಟು ಬೇಕು, ತಗೊಂಡು ಹೋಗಿ" ಅನ್ನುತ್ತಾಳೆ.

ಆಗ ನನಗೆ ಥಟ್ಟನೆ ನೆನಪಾದವಳು ಗಿಡದಮ್ಮ. ರಾತ್ರಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಈಗ ಸಸಿ ಮಾರುತ್ತಾಳೆ. ಒಮ್ಮೆ ಯಾವುದೋ ಗಿಡದ ಎಲೆ ಕಿತ್ತು ನನ್ನ ಬಾಯಿಗೆ ತುರುಕಿ "ಏನು ಹೇಳು?" ಎಂದು ಕೇಳಿದ್ದಳು. ಹುಲ್ಲು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಿಹಿ ಎಲ್ಲಿಂದಲೋ ನುಗ್ಗಿ ಬಂದಿತ್ತು. ಮನೆಗೆ ಬಂದರೂ ನಾಲಿಗೆ ಬಿಟ್ಟಿರಲಿಲ್ಲ.

"ಇರೋ, ಬಂದೆ," ಎಂದು ಚೀಲ ಹಿಡಿದು ಹೊರಟೇಬಿಟ್ಟೆ. ಈ ವಯಸ್ಸಿನಲ್ಲಿ ಬಸ್ಸಿಗೆ ಓಡಿದ್ದು ಅವತ್ತೇ.

ಗಿಡದಮ್ಮ ಕುಂಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದಳು. ನನ್ನ ಕತೆ ಕೇಳಿ, ಕೈಯ ಮಣ್ಣನ್ನು ಸೆರಗಿಗೆ ಒರೆಸಿ ಎದ್ದಳು.

"ಸಿಹಿ ಎಲೆ ಗಿಡ ಕಣೇ ಅದು. ಪೇಟೆಯವರು ಸ್ಟೀವಿಯಾ ಅಂತಾರೆ. ಸಕ್ಕರೆಗಿಂತ ಎಷ್ಟೋ ಪಟ್ಟು ಸಿಹಿ, ಮೈಗೆ ಹತ್ತಲ್ಲ. ಆದ್ರೆ ಇದರ ಸಿಹಿ ನಮ್ಮ ಮನೆ ನೆಂಟರ ಥರ."

"ಅಂದ್ರೆ?"

"ಬರೋದು ತಡ. ಬಂದ ಮೇಲೆ ಹೋಗೋದೂ ತಡ."

ಇಬ್ಬರೂ ನಕ್ಕೆವು. ನಾಲ್ಕಾರು ಕುಂಡ ಕಟ್ಟಿಕೊಡುತ್ತ ಅವಳು ಹೇಳಿದಳು: "ನೋಡು, ಹಾಕುವಾಗ ಎಳೆ ನೋಡ್ಕೊಂಡು ಹಾಕಬೇಕು. ಹೂ ಬಿಟ್ಟ ಗಿಡದ್ದು ಬೇಡ, ಕಹಿ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದ್ರೆ ಮುಗೀತು."

ಆಟೋದಲ್ಲಿ ಕುಂಡಗಳನ್ನು ಮಡಿಲಲ್ಲಿ ಹಿಡಿದು ಬಂದೆ. ತಮ್ಮ ಒಂದು ಎಲೆ ಅಗಿದ. ಮುಖ ಮೊದಲು ಹುಳ್ಳಗಾಯಿತು. ಆಮೇಲೆ ಹುಬ್ಬು ಮೇಲೇರಿತು. ಆಮೇಲೆ ಅವನು ಇನ್ನೊಂದು ಎಲೆ ಕಿತ್ತ. ಎಷ್ಟೋ ಕಾಲದ ಮೇಲೆ ಸಿಹಿ ಕಂಡ ನಾಲಿಗೆ!

"ಅಕ್ಕಾ, ಇದು ನನಗೂ ಆಗುತ್ತಾ?"

"ನಿನ್ನ ಡಾಕ್ಟರನ್ನ ಕೇಳೋ."

ಅವನು ಅಲ್ಲೇ ಫೋನ್ ಹಚ್ಚಿದ. ಸಕ್ಕರೆ ಬದಲು ಹಾಕಿಕೊಳ್ಳಬಹುದು, ಮಿತಿ ಇರಲಿ, ಮಾತ್ರೆ ಮಾತ್ರ ಬಿಡಬೇಡಿ ಎಂದರಂತೆ ಡಾಕ್ಟರು. ಫೋನ್ ಇಟ್ಟವನೇ ಅಂಗಿಯ ತೋಳು ಮಡಚಿದ. "ಹೇಗೆ ಮಾಡೋದಂತೆ ಹೇಳು."

"ಎಳೆ ನೋಡ್ಕೊಂಡು ಎಲೆ ಹಾಕಬೇಕಂತೆ," ಅಂದೆ. ಮುಂದಿನ ಮಾತು ಹೇಳುವ ಮೊದಲೇ ಅವನು ಕೈ ಎತ್ತಿ ತಡೆದ.

"ಸಾಕು ಬಿಡಕ್ಕಾ. ಎಳೆ ನೋಡೋದನ್ನ ನನಗೆ ಹೇಳಿಕೊಡ್ಬೇಕಾ? ಮೀನಿಗೆ ಈಜು ಕಲಿಸ್ತೀಯಾ?"

ಅಷ್ಟು ಹುರುಪಿನಲ್ಲಿದ್ದವನನ್ನು ಮತ್ತೆ ಕೂರಿಸಿ ಪಾಠ ಹೇಳುವುದೇಕೆ ಎಂದು ನಾನು ನಿಂಬೆಹಣ್ಣು ತರಲು ಮಾರುಕಟ್ಟೆಗೆ ಹೋದೆ. ಹೆಂಡತಿ ಕಿಟಕಿಯಲ್ಲಿ ಮಕ್ಕಳ ಜೊತೆ ಮುಳುಗಿದ್ದಳು.

ತಿರುಗಿ ಬಂದಾಗ ಕೋಣೆಯ ತುಂಬ ಹಸಿರು ಹಬೆ. ತಮ್ಮ ಬೆವರಿನಲ್ಲಿ ಮಿಂದು ಒಲೆಯ ಮುಂದೆ ನಿಂತಿದ್ದ. ಕುಂಡಗಳು ಗೋಡೆಗೆ ಸಾಲಾಗಿ ನಿಂತಿದ್ದವು, ಒಂದರಲ್ಲೂ ಎಲೆ ಇಲ್ಲ, ಬರೀ ಕಡ್ಡಿ. ಬೋಳಿಸಿದ ತಲೆಗಳ ಹಾಗೆ.

"ಏನೋ ಇದು?"

"ಬರ್ತಾ ಇಲ್ಲ ಅಕ್ಕಾ! ಹಾಕ್ತಾನೇ ಇದ್ದೀನಿ, ಕುದಿಸ್ತಾನೇ ಇದ್ದೀನಿ, ಬರ್ತಾನೇ ಇಲ್ಲ!"

"ಏನು ಬರ್ತಾ ಇಲ್ಲ?"

"ಎಳೆ!" ಎಂದು ಅವನು ಬೆರಳು ಅದ್ದಿ, ಒತ್ತಿ, ಅಗಲಿಸಿ ನನ್ನ ಮೂಗಿನ ಮುಂದೆ ಹಿಡಿದ. ಬೆರಳ ತುದಿಯಿಂದ ಕಪ್ಪು ಹಸಿರು ನೀರು ಟಪ್ ಎಂದು ಬಿತ್ತು. "ನೀನೇ ಹೇಳಿದ್ದಲ್ವಾ, ಎಳೆ ನೋಡ್ಕೊಂಡು ಎಲೆ ಹಾಕು ಅಂತ? ಎಳೆ ಬರೋ ತನಕ ಹಾಕಿದೆ. ಗಿಡ ಮುಗೀತು, ಎಳೆ ಬರ್ಲಿಲ್ಲ!"

ಅದೇ ಮಾತು, ಅದೇ ಅಕ್ಷರ. ನನ್ನ ಬಾಯಿಂದ ಹೊರಟಾಗ ಅದು ಚಿಗುರು. ಅವನ ಕಿವಿಗೆ ಬೀಳುವಷ್ಟರಲ್ಲಿ ಪಾಕ. ಅಕ್ಷರ ಕಲಿತರೆ ಸಾಲದು, ಪದದ ಮಗ್ಗುಲಲ್ಲಿ ಯಾರು ಕೂತಿದ್ದಾರೆ ನೋಡಬೇಕು ಎನ್ನುತ್ತಿದ್ದರು ನಮ್ಮ ರಾತ್ರಿ ಶಾಲೆಯ ಮೇಷ್ಟ್ರು.

"ಎಳೆ ಎಲೆ ಕಣೋ!" ಅಂದೆ. "ಎಳೇ ಎಲೆ! ಎಳಸು, ಚಿಗುರು! ಬಲಿತದ್ದು ಬೇಡ ಅಂತ! ಎಲೆಗೆ ಎಲ್ಲಾದ್ರೂ ಎಳೆ ಬರುತ್ತೇನೋ?"

ಅವನು ಸೌಟು ಹಿಡಿದು ನನ್ನನ್ನು ನೋಡಿದ. ಪಾತ್ರೆ ನೋಡಿದ. ಬೋಳು ಕುಂಡಗಳನ್ನು ನೋಡಿದ. ಅಷ್ಟರಲ್ಲಿ ಕಿಟಕಿಯಿಂದ ಬಂದ ಹೆಂಡತಿ ಏನೂ ಗೊತ್ತಿಲ್ಲದೆ ಸೌಟಿನ ತುದಿ ನೆಕ್ಕಿದಳು. ನೆಕ್ಕಿ, ತೊಟ್ಟಿಯ ಕಡೆ ಓಡಿದಳು.

"ಅಯ್ಯಯ್ಯೋ! ಬೇವು ಇದರ ಮುಂದೆ ಜೇನುತುಪ್ಪ!" ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದಳು. "ಅತ್ತಿಗೆ, ಇದನ್ನ ಕುಡಿಸಿದ್ರೆ ಮಕ್ಕಳು ಆ ಕಡೆ ದಡಕ್ಕೆ ಈಜಿ ಪರಾರಿ ಆಗ್ತಾರೆ!"

ನಾನು ನಗಬಾರದೆಂದು ಸೆರಗು ಕಚ್ಚಿದೆ. ಆಗಲಿಲ್ಲ. ನನ್ನ ನಗು ಅವಳಿಗೆ ಹತ್ತಿತು. ತಮ್ಮನಿಗೆ ಮಾತ್ರ ಹತ್ತಲಿಲ್ಲ. "ನಗಿ ನಗಿ," ಅಂದ. "ಇರೋ ಎಲೆ ಎಲ್ಲಾ ಹೋಯ್ತು. ಭಾನುವಾರ ಮಷೀನ್ ಬಂದು ನಿಂತ ಮೇಲೆ ಅದರ ಮುಂದೆ ನಿಂತ್ಕೊಂಡು ನಗಿ."

ಮರುದಿನ ಅವನನ್ನೇ ಎಳೆದುಕೊಂಡು ಗಿಡದಮ್ಮನ ಹತ್ತಿರ ಹೋದೆ. ಇನ್ನೊಮ್ಮೆ ಮಾತು ಕೈ ಬದಲಾಗುವುದು ಬೇಡ. ಅವಳು ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೂ ಬಿಡದ ಗಿಡಗಳನ್ನು ಆರಿಸಿ, ತುದಿಯ ಚಿಗುರು ಚಿವುಟುವುದನ್ನು ಅವನಿಗೆ ತೋರಿಸಿದಳು. ಸೂಜಿಯ ಕಣ್ಣಿಗೆ ದಾರ ಏರಿಸುವವನಂತೆ ಅವನು ಒಂದೊಂದೇ ಚಿವುಟಿದ. ಆ ಬೆರಳಿಗೆ ಕೆಲಸ ಕಲಿಸುವುದು ಕಷ್ಟವಲ್ಲ, ಹಳೆಯದನ್ನು ಮರೆಸುವುದೇ ಕಷ್ಟ.

ಈ ಸಲ ನೀರು ಬಿಸಿಯಾದದ್ದೇ ಒಲೆ ಆರಿಸಿ, ಚಿಗುರು ಹಾಕಿ ಮುಚ್ಚಿಟ್ಟೆವು. ಅವನ ಕೈ ಮತ್ತೆ ಮತ್ತೆ ಒಲೆಯ ಗುಂಡಿಯ ಕಡೆ ಹೋಗುತ್ತಿತ್ತು. ನಾನು ಮಣೆ ಹಾಕಿಕೊಂಡು ಒಲೆಗೆ ಬೆನ್ನು ಕೊಟ್ಟು ಕೂತೆ. ಸೋಸಿದಾಗ ತಿಳಿ ಹೊಂಬಣ್ಣದ ನೀರು ಬಂತು. ನಿಂಬೆರಸ, ಕಲ್ಲುಪ್ಪಿನ ಒಂದು ಹರಳು, ಈ ನೀರು. ಕಲಕಿ ಕುಡಿದೆ. ಮೊದಲು ಹುಳಿ ಬಂತು. ಅದರ ಬೆನ್ನಿಗೇ ಸಿಹಿ. ಕಹಿಯ ಸುಳಿವಿಲ್ಲ!

"ಗೆದ್ದೆವು ಕಣೋ!" ಅಂದೆ.

ತಮ್ಮ ಕುಡಿದ. ಬಾಯಲ್ಲಿ ಆ ಕಡೆ ಈ ಕಡೆ ಆಡಿಸಿದ. ತಲೆ ಆಡಿಸಿದ. "ಸಿಹಿ ಇದೆ. ಆದ್ರೆ ಮೈ ಇಲ್ಲ."

"ಮೈ ಅಂದ್ರೆ?"

"ನೀರು ನೀರು ಅಕ್ಕಾ. ಪಾಕ ಹಾಕಿದ್ರೆ ಷರಬತ್ತು ನಾಲಿಗೆ ಮೇಲೆ ಕೂರುತ್ತೆ. ಇದು ನಿಲ್ಲದೆ ಓಡಿಹೋಗುತ್ತೆ. ಎಳೆ ಇಲ್ಲದೆ ಷರಬತ್ತಿಗೆ ಮೈ ಬರಲ್ಲ. ಮಕ್ಕಳು ಒಂದು ಗುಟುಕು ಕುಡಿದು ಲೋಟ ಇಡ್ತಾರೆ, ನೋಡ್ತಾ ಇರು."

ಹೆಂಡತಿ ಕುಡಿದು ಏನೂ ಹೇಳಲಿಲ್ಲ. ಏನೂ ಹೇಳದೆ ಇರುವುದು ಅವಳ ಬಾಯಿಗೆ ದೊಡ್ಡ ಮಾತು. ಹಾಗೇ ಶನಿವಾರ ಕಳೆಯಿತು. ತಮ್ಮ ಕಿಟಕಿಯ ಕಟ್ಟೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದ.

ಭಾನುವಾರ ಬೆಳಕು ಹರಿದಾಗ ನಾನು ಅವರ ಮನೆಗೆ ಹೋದೆ. ತಮ್ಮ ಅಡುಗೆಮನೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದ. ಒಲೆಯ ಮೇಲೆ ಒಂದು ಚಿಕ್ಕ ಪಾತ್ರೆ ಬುಳುಬುಳು ಎನ್ನುತ್ತಿತ್ತು. ಅವನ ಹೆಂಡತಿಯದು ಗುಂಗುರು ಕೂದಲು. ಗಾಳಿಗೆ ಹಾರಿ ಗೂಡಾಗದಿರಲೆಂದು ಅಗಸೆ ಬೀಜ ಕುದಿಸಿ, ಅದರ ಲೋಳೆ ಹಚ್ಚಿ ಬಾಚುತ್ತಾಳೆ. ಪಂದ್ಯದ ದಿನ ಜನ ಸೇರುತ್ತಾರೆ, ತಲೆ ನೆಟ್ಟಗಿರಬೇಕು ಎಂದು ಅದನ್ನು ಒಲೆಗೆ ಇಟ್ಟು ಸ್ನಾನಕ್ಕೆ ಹೋಗಿದ್ದಳು.

ಒಲೆಯ ಮೇಲೆ ಏನೇ ಕುದಿಯಲಿ, ಎದುರಿಗೆ ನನ್ನ ತಮ್ಮ ನಿಂತರೆ ಅವನ ಕೈ ಸುಮ್ಮನಿರುತ್ತದೆಯೇ? ಮನಸ್ಸು ಎಲ್ಲೋ ಇತ್ತು, ಕೈ ಸೌಟು ಎತ್ತಿತು. ಹನಿ ಹಿಡಿಯಿತು. ಒತ್ತಿತು. ಅಗಲಿಸಿತು.

ಅವನು ಕಲ್ಲಾಗಿ ನಿಂತ.

"ಅಕ್ಕಾ."

"ಏನೋ?"

"ಅಕ್ಕಾ, ಎಳೆ."

ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅವನ ಬೆರಳುಗಳ ನಡುವೆ ಎಳೆಯೊಂದು ಮಿನುಗುತ್ತಿತ್ತು. ಸಕ್ಕರೆಯ ಎಳೆಯ ಹಾಗೆ ತುಂಡಾಗಲೂ ಇಲ್ಲ. ಎಳೆದಷ್ಟೂ ಬಂತು.

"ಎಳೆ ಬಂತು! ಅಕ್ಕಾ, ಎಳೆ ಬಂತು!" ಅವನು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿದ. "ಇದೇನಿದು? ಯಾರಿಟ್ಟಿದ್ದು? ಸಕ್ಕರೆ ಹಾಕಿದ್ದಾರಾ?"

"ಸಕ್ಕರೆ ಎಲ್ಲಿಂದ ಬಂತೋ, ಅಗಸೆ ಬೀಜ! ಬೀಜ, ನೀರು, ಅಷ್ಟೇ!"

"ತಿನ್ನೋ ಬೀಜ ತಾನೇ?"

"ತಿನ್ನದೆ? ಹುರಿದು ಚಟ್ನಿಪುಡಿಗೆ ಹಾಕಲ್ವಾ?"

ಅವನು ಪಾತ್ರೆ ಇಳಿಸಿಯೇಬಿಟ್ಟ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ರಾತ್ರಿ ಉಳಿದಿದ್ದ ಎಲೆ ನೀರಿಗೆ ಒಂದು ಚಮಚ ಹಾಕಿ, ನಿಂಬೆ ಹಿಂಡಿ, ಉಪ್ಪಿನ ಹರಳು ಹಾಕಿ ಕಲಕಿದ. ಇಬ್ಬರೂ ಒಂದೇ ಲೋಟದಿಂದ ಗುಟುಕು ಗುಟುಕು ಕುಡಿದೆವು. ಓಡಿಹೋಗುತ್ತಿದ್ದ ಷರಬತ್ತು ನಾಲಿಗೆಯ ಮೇಲೆ ಕಾಲು ಚಾಚಿ ಕೂತಿತ್ತು! ಅವನು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದ.

ತಲೆಗೆ ಟವೆಲ್ ಸುತ್ತಿಕೊಂಡು ಹೆಂಡತಿ ಬಂದಳು. ಖಾಲಿ ಪಾತ್ರೆ ನೋಡಿದಳು.

"ರೀ! ಅದು ನನ್ನ ತಲೆಗೆ!"

"ನಿನ್ನ ತಲೆ ಅಲ್ಲ ಕಣೇ, ನಮ್ಮ ಕಿಟಕಿ! ಮನೇಲಿರೋ ಅಗಸೆ ಎಲ್ಲಾ ತೆಗಿ!"

"ಮಕ್ಕಳಿಗೆ ನನ್ನ ತಲೆಗೆ ಹಚ್ಚೋದನ್ನ ಕುಡಿಸ್ತೀರಾ?"

"ಬೆಣ್ಣೆಯಿಂದ ಕೂದಲು ತೆಗೆಯೋದು ಕೇಳಿದ್ದೀಯಲ್ಲ," ಅಂದೆ ನಾನು. "ಇವತ್ತು ಕೂದಲಿಂದ ಬೆಣ್ಣೆ ತೆಗೆದಿದ್ದಾನೆ. ಮೊದಲು ಕುಡಿ, ಆಮೇಲೆ ಬೈ."

ಅವಳು ಕುಡಿದಳು. ಈ ಸಲ ಸುಮ್ಮನಿರಲಿಲ್ಲ. "ಒಲೆ ಹಚ್ಚಿ, ಏನು ನೋಡ್ತಾ ನಿಂತಿದ್ದೀರಿ!" ಎಂದು ಕೂಗಿದಳು. ಮೂವರೂ ದೊಡ್ಡ ಪಾತ್ರೆಗಳನ್ನು ಹೊತ್ತು ಈಜುಕೊಳದ ಕಡೆ ಹೆಚ್ಚುಕಮ್ಮಿ ಓಡಿದೆವು. ಅವಳ ಟವೆಲ್ ದಾರಿಯಲ್ಲೇ ಬಿಚ್ಚಿಹೋಯಿತು.

ಪಂದ್ಯ ಮುಗಿಯುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ಲೋಟಗಳು ಸಾಲಾಗಿ ನಿಂತಿದ್ದವು. ಮೇಡಂ ಬಂದರು. ಅವರ ಹಿಂದೆ ಒದ್ದೆ ಟೋಪಿಯ ಮಕ್ಕಳು ಒಬ್ಬರನ್ನೊಬ್ಬರು ತಳ್ಳುತ್ತ ನಿಂತರು. ಅವತ್ತು ಗೆದ್ದ ಹುಡುಗಿ ಎಲ್ಲರಿಗಿಂತ ಮುಂದೆ ಇದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. ತಮ್ಮ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಮೇಡಂ ಒಂದು ಗುಟುಕು ಕುಡಿದರು. ನುಂಗಿದರು. ಹುಬ್ಬು ಗಂಟಿಕ್ಕಿತು. ಲೋಟವನ್ನು ಕಟ್ಟೆಯ ಮೇಲೆ ಇಟ್ಟರು.

"ಬೇಜಾರು ಮಾಡ್ಕೋಬೇಡಿ," ಅಂದರು. "ಬರೀ ಹುಳಿ. ಮಕ್ಕಳು ಇದನ್ನ..."

ತಮ್ಮನ ಮುಖ ಬಾಡಿತು. ಹೆಂಡತಿ ಏನೋ ಹೇಳಲು ಹೊರಟಳು. ನಾನು ಅವಳ ಕೈ ಹಿಡಿದೆ. "ಸ್ವಲ್ಪ ತಾಳಿ ಮೇಡಂ," ಅಂದೆ. "ನೆಂಟರು ದಾರೀಲಿದ್ದಾರೆ."

"ಯಾವ ನೆಂ..." ಎಂದವರು ಅಲ್ಲೇ ನಿಂತರು. ಗಂಟಿಕ್ಕಿದ ಹುಬ್ಬು ಬಿಚ್ಚಿಕೊಂಡಿತು. ನಾಲಿಗೆ ಒಮ್ಮೆ ತುಟಿಯ ಮೇಲೆ ಆಡಿತು. ನನ್ನನ್ನು ನೋಡಿದರು, ಲೋಟವನ್ನು ನೋಡಿದರು, ಅದನ್ನು ಮತ್ತೆ ಎತ್ತಿದರು.

"ಅರೆ! ಈಗ ಬಂತು!"

ಅಷ್ಟರಲ್ಲಿ ಗೆದ್ದ ಹುಡುಗಿ ಯಾರ ಅಪ್ಪಣೆಗೂ ಕಾಯದೆ ತನ್ನ ಲೋಟ ಬರಿದು ಮಾಡಿ ಕಟ್ಟೆಯ ಮೇಲೆ ಬೋರಲು ಹಾಕಿದ್ದಳು. "ಎಳೆಮಾಮಾ, ಇನ್ನೊಂದು!"

ಅವಳ ಹಿಂದಿನಿಂದ ಒದ್ದೆ ಕೈಗಳು ನುಗ್ಗಿದವು. ನನಗೆ, ನನಗೆ, ಅವನಿಗೆ ಎರಡು ಸಲ ಆಯ್ತು, ನನಗಿಲ್ಲ! ನಾನು ನಿಂಬೆ ಹಿಂಡಿದ್ದೇ ಹಿಂಡಿದ್ದು. ಮೇಡಂ ತಮ್ಮ ಲೋಟ ಕೆಳಗಿಡದೆ, ಗದ್ದಲದ ನಡುವೆ ಗಟ್ಟಿಯಾಗಿ ಹೇಳಿದರು: "ಮಷೀನ್‌ನವರಿಗೆ ಬೇಡ ಅಂತ ಹೇಳ್ತೀನಿ. ಅಲ್ಲಾ, ಸಕ್ಕರೆ ಇಲ್ಲದೆ ಇಷ್ಟು ದಪ್ಪ ಹೇಗೆ ಬಂತು?"

ತಮ್ಮ ಹೆಂಡತಿಯ ಮುಖ ನೋಡಿದ. ಅವಳ ಗುಂಗುರು ಕೂದಲು ಒಣಗಿ, ನಾಲ್ಕೂ ದಿಕ್ಕಿಗೆ ಎದ್ದು, ಹಕ್ಕಿ ಬಂದು ಮೊಟ್ಟೆ ಇಡುವಂತಾಗಿತ್ತು.

"ಅದು ಇವಳ ತಲೆ ಮೇಡಂ," ಅಂದ.

"ಒಳ್ಳೆ ತಲೆ," ಎಂದರು ಅವರು, ಬುದ್ಧಿಯ ಮಾತೆಂದುಕೊಂಡು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೇಜಿನ ಕೆಳಗೆ ಲೋಟ ಹುಡುಕಲು ಬಗ್ಗಿದಳು. ಬಹಳ ಹೊತ್ತು ಮೇಲೆ ಏಳಲಿಲ್ಲ. ಆಮೇಲೆ ನಾನೇ ಮೇಡಂ ಕಿವಿಯಲ್ಲಿ ಅಗಸೆಯ ಕತೆ ಹೇಳಿದೆ. ಅವರು ನಗುವಿಗೆ ಷರಬತ್ತು ನೆತ್ತಿಗೇರಿಸಿಕೊಂಡರು.

ಪಾತ್ರೆ ಬರಿದಾಗುತ್ತ ಬಂದಾಗ ತಮ್ಮ ಒಲೆಯ ಮೇಲೆ ಇನ್ನೊಂದಷ್ಟು ಅಗಸೆ ಕುದಿಸುತ್ತಿದ್ದ. ಸೌಟು ಎತ್ತಿ, ಹನಿಯನ್ನು ಊದಿ ಆರಿಸಿ, ಎಲೆ ನೀರಿನಲ್ಲಿ ಅದ್ದಿದ ಬೆರಳುಗಳ ನಡುವೆ ಹಿಡಿದು ಅಗಲಿಸಿದ. ಎಳೆ ನಿಂತಿತು. ಅಭ್ಯಾಸದಂತೆ ಕೈ ನಲ್ಲಿಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವನು ಒಮ್ಮೆ ನನ್ನ ಕಡೆ, ಒಮ್ಮೆ ಹೆಂಡತಿಯ ಕಡೆ ನೋಡಿ, ಎರಡೂ ಬೆರಳನ್ನು ಬಾಯಿಗೆ ಇಟ್ಟುಕೊಂಡ. ಕಣ್ಣು ಮುಚ್ಚಿ ಕಾದ.

"ಬಂತಾ?" ಅಂದೆ.

ಅವನು ಹೌದೆಂದು ತಲೆ ಆಡಿಸಿದ. ಕಿಟಕಿಯಲ್ಲಿ ಮಕ್ಕಳು ಕಟ್ಟೆ ಬಡಿಯುತ್ತಿದ್ದರು.